ಎಡಗಡೆಯಿಂದ

ಇನಾಸ್ ಬರೆಟ್ಟೊ ಕೋಟು ತಂದ ಹೊತ್ತಿಗೆ
ಗಾಂಧಿ ಬಜಾರಿನಲ್ಲಿ ಕರೆಂಟಿರಲಿಲ್ಲ.
ಕತ್ತಲಲ್ಲಿ ಕರಿಬಟ್ಟೆ; ಕಣ್ಣಿಗಿಂತ ಮೊದಲು
ಬೆರಳಿಗೆ ತಿಳಿಯಿತು, ಇದು ನಮ್ಮ ಕಡೆಯ ಹೊಲಿಗೆಯಲ್ಲ.
ಕೊರಳಪಟ್ಟಿಗೆ ಸ್ಯಾಟಿನ್, ಎದೆಯೊಳಗೆ ಕುದುರೆಗೂದಲ ಕ್ಯಾನ್ವಾಸು.
ಹೆಸರು ಕೇಳಿದ್ದೆ. ಮುಟ್ಟಿದ್ದು ಅವತ್ತೇ.

‘ಇದನ್ನು ಬಿಚ್ಚಿ, ಮಾಸ್ಟ್ರೇ,
ಮೊಮ್ಮಗನಿಗೊಂದು ವೇಸ್ಟ್‌ಕೋಟು. ಸ್ಕೂಲ್ ಡೇ ನಾಟಕದಲ್ಲಿ ವಕೀಲ ಅವನು.’
‘ಬಿಚ್ಚೋದು ಸುಲಭ,’ ಅಂದೆ, ‘ಮತ್ತೆ ಕೂಡೋಲ್ಲ.’
‘ಗೊತ್ತು,’ ಅಂದ. ಸ್ಟೂಲೆಳೆದು ಕೂತ.

ತುಂಗೆಯಲ್ಲಿ ಈಜಲಾರದವನು
ಇಪ್ಪತ್ತಾರು ವರ್ಷ ಸಮುದ್ರದಲ್ಲಿದ್ದ.
ವಾರಕ್ಕೆರಡು ರಾತ್ರಿ ಹಡಗಿನ ದೊಡ್ಡ ಊಟ:
ಗಂಡಸರಿಗೆ ಕರಿಕೋಟು, ಹೆಂಗಸರಿಗೆ ನೆಲ ಗುಡಿಸುವ ಗೌನು,
ಬಡಿಸುವವನಿಗೂ ಕೋಟು, ಉಣ್ಣುವವರಿಗಿಂತ ಒಂದು ಗುಂಡಿ ಕಡಿಮೆ.
ಎಡದಿಂದ ಬಡಿಸಬೇಕು, ಬಲದಿಂದ ತೆಗೆಯಬೇಕು,
ತೆಗೆದದ್ದು ಅವರಿಗೆ ತಿಳಿಯಬಾರದು.
ಮೂರನೇ ರಾತ್ರಿಗೆ ಗೊತ್ತಿರುತ್ತಿತ್ತು ಅವನಿಗೆ
ಯಾರು ಬಟಾಣಿ ಬದಿಗೆ ಸರಿಸುತ್ತಾರೆ,
ಯಾವ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ.

‘ಆಮೇಲೆ ಮೇಜುಬಟ್ಟೆ ತೆಗೆದರು.
ಒಗೆಯೋ ನೀರು ಉಳಿಯುತ್ತೆ ಅಂತ.
ನಡುಸಮುದ್ರದಲ್ಲಿ, ಮಾಸ್ಟ್ರೇ!’
ಆಮೇಲೆ ಯಾವಾಗ ಬೇಕಾದರೂ ಬನ್ನಿ, ಎಲ್ಲಿ ಬೇಕಾದರೂ ಕೂರಿ.
ಈಜುಕೊಳದಿಂದೆದ್ದು ಚಡ್ಡಿ ಹಿಂಡಿಕೊಳ್ಳುತ್ತ
ತಟ್ಟೆ ಹಿಡಿದು ಬಂದರು, ಬೆನ್ನಿಗೆ ಬೆನ್ನು ತಾಗಿಸಿ ಸಾಲು ನಿಂತರು.
ಕೊನೆಯ ಕರಿಕೋಟಿನ ರಾತ್ರಿ
ಕೋಟು ಹಾಕಿ ಬಂದವನು ಒಬ್ಬನೇ. ಅದೂ ಬಾಡಿಗೆಯದು.
ತೋಳಿನಲ್ಲಿ ಅಂಗಡಿಯ ಚೀಟಿ ಹಾಗೇ ಇತ್ತು.
ಮಡಿಲಿಗೆ ಕರವಸ್ತ್ರ ಹಾಸುವ ನೆಪದಲ್ಲಿ
ಚೀಟಿ ಕಿತ್ತು ಮುಷ್ಟಿಯಲ್ಲಡಗಿಸಿದ ಇನಾಸ್.
‘ಇವತ್ತಿಗೂ ಆ ಮನುಷ್ಯನಿಗೆ ಗೊತ್ತಿಲ್ಲ.’

ನಾನು ಸುಮ್ಮನೆ ಹೂಂಗುಟ್ಟಿದೆ. ಒಳಗೆ ಬೇರೆ ನಡೆಯುತ್ತಿತ್ತು.

ಸಣ್ಣವನಿದ್ದಾಗ ಮದುವೆಗಳಲ್ಲಿ ಚಿಲಮ್ಚಿ ನನ್ನ ಕೈಗೆ.
ಹಾಸಿದ ದಸ್ತರ್‌ಖಾನಿನ ಉದ್ದಕ್ಕೂ ಬಗ್ಗಿ ಬಗ್ಗಿ
ದೊಡ್ಡವರ ಕೈಗೆ ನೀರು ಬಿಡುತ್ತಿದ್ದೆ,
ಒಂದು ಹನಿ ಹೊರಗೆ ಬಿದ್ದರೆ ಮಾಮನ ಕಣ್ಣು.
ಒಂದು ತಾಟಿಗೆ ಆರು ಕೈ. ಹಿರಿಯರು ಮುಟ್ಟದೆ ಯಾರೂ ಮುಟ್ಟುತ್ತಿರಲಿಲ್ಲ.
ಹೋದ ವರ್ಷ ತಂಗಿಯ ಮಗಳ ಮದುವೆ, ಸಾಗರ ರಸ್ತೆಯ ಹಾಲು:
ಹಾಸಲೇ ಇಲ್ಲ. ಸಾಲು, ಚಮಚ, ಕಾಗದದ ಕರವಸ್ತ್ರ.
ಮೂರು ದಿನ ಗೊಣಗಿದೆ.
ನನ್ನ ಹೆಂಡತಿ ಜೈಬುನ್ನಿಸಾ ನಾಲ್ಕನೇ ದಿನ ಹೇಳಿದಳು:
‘ಗಂಡಸರೆಲ್ಲ ಉಂಡೆದ್ದ ಮೇಲೆ ಉಳಿದದ್ದು
ಇಷ್ಟು ವರ್ಷ ತಿಂದೆ.
ಮದುವೆಮನೆಯ ಅನ್ನ ಬಿಸಿಯಿರುತ್ತೆ ಅಂತ
ನನಗೆ ಗೊತ್ತಾಗಿದ್ದೇ ಆವತ್ತು.’

ಅದು ನೆನಪಾಗಿ ಕೇಳಿಬಿಟ್ಟೆ: ‘ನೀವು ಎಲ್ಲಿ ಉಣ್ತಿದ್ರಿ?’
ಇನಾಸ್ ನಕ್ಕ. ನಕ್ಕು ತಡೆದ.
‘ಕೆಳಗೆ. ಎಂಜಿನ್ನಿನ ಹತ್ತಿರ. ನಿಂತುಕೊಂಡೇ, ಹತ್ತು ನಿಮಿಷ.
ಸ್ಟೀಲ್ ತಟ್ಟೆ.’

ಕರೆಂಟು ಬಂತು.

ಮರುದಿನ ಅಸ್ತರು ಬಿಚ್ಚುವಾಗ ಒಳಜೇಬಿನಲ್ಲಿ
ಬಾಗಿದ ಬೆಳ್ಳಿಬಣ್ಣದ ಪಟ್ಟಿ, ಗೇಣಿಗಿಂತ ಚಿಕ್ಕದು:
ಊಟದ ನಡುವೆ ಮೇಜಿನ ರೊಟ್ಟಿಪುಡಿ ಗೋರುವುದು.
ಫೋನ್ ಮಾಡಿದರೆ, ‘ನೀವೇ ಇಟ್ಕೊಳ್ಳಿ,’ ಅಂದ,
‘ಇಲ್ಲಿ ಗೋರೋದಕ್ಕೆ ಏನಿದೆ?’
ಕತ್ತರಿಸುವ ಮೇಜಿನಿಂದ ಸೀಮೆಸುಣ್ಣದ ಪುಡಿ ತೆಗೆಯಲು ಚೆನ್ನಾಗಿದೆ.
ವಕೀಲನಿಗೆ ಎರಡು ಬೆರಳು ಅಂಚು ಜಾಸ್ತಿ ಬಿಟ್ಟೆ. ಮಗು, ಬೆಳೆಯುತ್ತೆ.

ಆ ರಾತ್ರಿ ಜೈಬುನ್ನಿಸಾಳನ್ನು ಮೊದಲು ಕೂರಿಸಿದೆ.
ಅನ್ನದ ಪಾತ್ರೆ ಹಿಡಿದು ನೆಟ್ಟಗೆ ನಿಂತು
ಎಡಗಡೆಯಿಂದ ಬಂದೆ.
ಅವಳು ಬಲಕ್ಕೆ ಸರಿದು ಕೇಳಿದಳು:
‘ಏನ್ರೀ, ಏನು ಕಳೆದುಕೊಂಡ್ರಿ ಇಲ್ಲಿ?’